ತಿದ್ದಿದ ಧ್ವನಿ ವೇದಿಕೆಯಲ್ಲಿ ಏಕೆ ಸಿಗುವುದಿಲ್ಲ?

ಪ್ರಶ್ನೆ: ಗಂಗಾವತಿಯ ಆರ್ಕೆಸ್ಟ್ರಾವೊಂದರಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಶಹನಾಯಿ, ಹಾರ್ಮೋನಿಯಂ, ಕೊಳಲಿನ ಧ್ವನಿಗಳನ್ನು ಮನೆಯಲ್ಲಿ ಬೇಕಾದಂತೆ ತಿದ್ದಿಕೊಂಡಿರುತ್ತೇನೆ. ಆರತಕ್ಷತೆಯ ವೇದಿಕೆಗೆ ಹೋಗಿ ನೋಡಿದರೆ ಮತ್ತೆ ಹಳೆಯ ಧ್ವನಿಯೇ ಬರುತ್ತದೆ. ಇವನ್ನು ಉಳಿಸಿಕೊಳ್ಳುವುದು, ಬೇಗ ಸಿಗುವಂತೆ ಜೋಡಿಸಿಕೊಳ್ಳುವುದು ಹೇಗೆ?

ಉತ್ತರ: ನೀವು ಗುಂಡಿ ತಿರುಗಿಸಿ ಧ್ವನಿ ತಿದ್ದುವಾಗ ಕೀಬೋರ್ಡ್ ಮೂಲ ಧ್ವನಿಯನ್ನು ಮುಟ್ಟುವುದೇ ಇಲ್ಲ. ಅದರ ಒಂದು ನಕಲನ್ನು ತಾತ್ಕಾಲಿಕ ಮೆಮೊರಿಗೆ ತಂದುಕೊಂಡು ಅದನ್ನಷ್ಟೇ ಬದಲಿಸುತ್ತದೆ. ಬೇರೆ ಧ್ವನಿ ಆರಿಸಿದರೆ ಸಾಮಾನ್ಯವಾಗಿ ಆ ನಕಲು ಅಳಿಸಿಹೋಗುತ್ತದೆ. ಕರೆಂಟಿನಿಂದ ಜನರೇಟರಿಗೆ ಬದಲಾಗುವ ಅರೆಕ್ಷಣ ವಿದ್ಯುತ್ ಕಡಿದರೂ ಅಷ್ಟೇ. ‘ರೈಟ್’ ಅಥವಾ ‘ಸ್ಟೋರ್’ ಒತ್ತಿ, ಯೂಸರ್ ಬ್ಯಾಂಕಿನಲ್ಲಿ (ನಿಮ್ಮ ಧ್ವನಿಗಳಿಗೆಂದೇ ಇರುವ ಮೆಮೊರಿಯಲ್ಲಿ) ಜಾಗ ಆರಿಸಿ, ಹೆಸರು ಕೊಟ್ಟು, ಖಚಿತಪಡಿಸಿದ ಮೇಲೆಯೇ ಅದು ನಿಮ್ಮದಾಗುತ್ತದೆ. ಕೊನೆಯ ಖಚಿತಪಡಿಸುವ ಬಟನ್ ಒತ್ತದೆ ಹೊರಬಂದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಈ ಸೌಲಭ್ಯವನ್ನು ಹಗುರವಾಗಿ ಕಾಣಬೇಡಿ. ಮೊದಲಿನ ಹೆಚ್ಚಿನ ಸಿಂಥಸೈಜರ್‌ಗಳಲ್ಲಿ, ಅಂದರೆ ವಿದ್ಯುತ್ತಿನಿಂದ ಧ್ವನಿ ಹುಟ್ಟಿಸುವ ವಾದ್ಯಗಳಲ್ಲಿ, ಇದು ಇರಲೇ ಇಲ್ಲ. ಕಲಾವಿದರು ಪ್ರತಿ ಗುಂಡಿಯ ಸ್ಥಾನವನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದರು. 1978ರಲ್ಲಿ ಬಂದ ಪ್ರಾಫೆಟ್-5 ಎಂಬ ಸಿಂಥಸೈಜರ್ ಆರಂಭದಲ್ಲಿ 40 ಧ್ವನಿಗಳನ್ನು ನೆನಪಿಟ್ಟುಕೊಳ್ಳುತ್ತಿತ್ತು. ಅಂದಿನ ವಾದಕರಿಗೆ ಅದೇ ದೊಡ್ಡ ಬಿಡುಗಡೆ.

ಇನ್ನು ಜೋಡಣೆ. ತಂತಿವಾದ್ಯಗಳೆಲ್ಲ ಒಂದು ಕಡೆ, ಊದುವಾದ್ಯಗಳೆಲ್ಲ ಇನ್ನೊಂದು ಕಡೆ ಎಂಬ ಕ್ರಮ ಕಂಪನಿಯ ಪಟ್ಟಿಗೆ ಸರಿ, ವೇದಿಕೆಗೆ ಅಲ್ಲ. ಗಾಯಕರು ಮುಂದಿನ ಹಾಡು ಹೇಳಿದ ಕೂಡಲೇ ಕೈ ಅಲ್ಲಿಗೆ ಹೋಗಬೇಕು. ಆದ್ದರಿಂದ ಕಾರ್ಯಕ್ರಮದಲ್ಲಿ ಬರುವ ಸರದಿಯಂತೆಯೇ ಇಡಿ: ಮೊದಲು ಪ್ರಾರ್ಥನೆಯದು, ಆಮೇಲೆ ಭಾವಗೀತೆ, ಜನಪದ, ಚಿತ್ರಗೀತೆಗಳದು. ನಡುನಡುವೆ ಒಂದೆರಡು ಜಾಗ ಖಾಲಿ ಬಿಡಿ. ಸಭಿಕರ ಒತ್ತಾಯದ ಹಾಡು ಬಂದೇ ಬರುತ್ತದೆ. ಅನೇಕ ಕೀಬೋರ್ಡುಗಳಲ್ಲಿ ಹೆಸರಿಗೆ ಹದಿನಾರು ಅಕ್ಷರಗಳಷ್ಟೇ ಜಾಗ. ವಾದ್ಯದ ಹೆಸರಿನ ಜೊತೆಗೆ ಶ್ರುತಿಯನ್ನೂ ಸೇರಿಸಿದರೆ ಗಾಯಕರು ‘ಕಪ್ಪು ಎರಡು’ (ಎರಡನೆಯ ಕಪ್ಪು ಕೀಲಿಯ ಶ್ರುತಿ) ಎಂದಾಗ ತಡಕಾಡಬೇಕಿಲ್ಲ. ಆದರೆ ಕೆಲವು ಮಾದರಿಗಳಲ್ಲಿ ಟ್ರಾನ್ಸ್‌ಪೋಸ್ (ಶ್ರುತಿ ಏರಿಸಿ ಇಳಿಸುವ ವ್ಯವಸ್ಥೆ) ಧ್ವನಿಯ ಜೊತೆ ಉಳಿಯುವುದಿಲ್ಲ, ಇಡೀ ಯಂತ್ರಕ್ಕೆ ಒಂದೇ ಇರುತ್ತದೆ. ನಿಮ್ಮದು ಹೇಗೆಂದು ಉಳಿಸಿ, ಕೀಬೋರ್ಡ್ ಆಫ್ ಮಾಡಿ, ಮತ್ತೆ ಹಚ್ಚಿ ನೋಡಿಕೊಳ್ಳಿ.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಭಜನೆಗೆಂದು ಎಡಗೈಗೆ ಹಾರ್ಮೋನಿಯಂ, ಬಲಗೈಗೆ ಕೊಳಲು ಎಂದು ಸ್ಪ್ಲಿಟ್ ಮಾಡಿ ಉಳಿಸಿದ್ದೀರಿ ಎನ್ನಿ. ಅನೇಕ ಯಂತ್ರಗಳಲ್ಲಿ ಆ ಜೋಡಿಯೊಳಗೆ ಕೊಳಲಿನ ಧ್ವನಿ ಇರುವುದೇ ಇಲ್ಲ. ‘ಇಂತಿಷ್ಟನೇ ಸಂಖ್ಯೆಯ ಕೊಳಲನ್ನು ಕರೆ’ ಎಂಬ ಸೂಚನೆ ಮಾತ್ರ ಇರುತ್ತದೆ. ಮುಂದೆ ಯಾವುದೋ ಚಿತ್ರಗೀತೆಗೆಂದು ಅದೇ ಕೊಳಲನ್ನು ಚುರುಕುಗೊಳಿಸಿ ಅದೇ ಸಂಖ್ಯೆಯ ಮೇಲೆ ಬರೆದರೆ, ಕೊಪ್ಪಳದ ಗವಿಮಠದ ಜಾತ್ರೆಯ ಹೊತ್ತಿಗೆ ನಿಮ್ಮ ಭಜನೆಯ ಕೊಳಲೂ ಕಿರುಚುತ್ತದೆ! ಹೊಸ ತಿದ್ದುಪಡಿಗೆ ಯಾವಾಗಲೂ ಹೊಸ ಸಂಖ್ಯೆ ಕೊಡಿ. ಬರೆಯುವ ಮುನ್ನ ಆ ಜಾಗದಲ್ಲಿ ಈಗ ಏನಿದೆ ಎಂದು ನುಡಿಸಿ ಕೇಳಿ. ಮೇಲೆ ಬರೆದದ್ದನ್ನು ಹಿಂದೆ ಪಡೆಯುವ ದಾರಿ ಸಾಮಾನ್ಯವಾಗಿ ಇಲ್ಲ.

ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆದು, ಅದರ ನಕಲನ್ನು ಕಂಪ್ಯೂಟರಿನಲ್ಲೂ ಇಡಿ. ರಿಪೇರಿಗೆ ಕೊಡುವ ಮುನ್ನ, ಫ್ಯಾಕ್ಟರಿ ರೀಸೆಟ್ ಮಾಡುವ ಮುನ್ನ ಇದನ್ನು ತಪ್ಪಿಸಬೇಡಿ. ಯುಎಸ್‌ಬಿ ಇಲ್ಲದ ಹಳೆಯ ಯಂತ್ರಗಳಲ್ಲಿ ಎಷ್ಟೋ ಮಾದರಿಗಳು ಮಿಡಿ ಕೇಬಲ್ (ವಿದ್ಯುನ್ಮಾನ ವಾದ್ಯಗಳ ನಡುವೆ ಮಾಹಿತಿ ಸಾಗಿಸುವ ಕೇಬಲ್) ಮೂಲಕ ಧ್ವನಿಗಳನ್ನು ಕಂಪ್ಯೂಟರಿಗೆ ಕಳುಹಿಸುತ್ತವೆ. 1983ರ ಯಮಾಹಾ ಡಿಎಕ್ಸ್7ನಂಥವುಗಳ ಒಳಗೆ ನಾಣ್ಯದಾಕಾರದ ಬ್ಯಾಟರಿ ಇರುತ್ತದೆ, ಯಂತ್ರದ ಮೆಮೊರಿ ನಿಂತಿರುವುದೇ ಆ ಬ್ಯಾಟರಿಯ ಮೇಲೆ. ಸೆಕೆಂಡ್‌ ಹ್ಯಾಂಡ್‌ನಲ್ಲಿ ಅಂಥದ್ದನ್ನು ಕೊಂಡರೆ ಮೊದಲು ಧ್ವನಿಗಳ ನಕಲು ತೆಗೆಯಿರಿ, ಆಮೇಲೆ ಬ್ಯಾಟರಿ ಬದಲಿಸಿ.