ಕಾಲೇ ಚುಕ್ಕಾಣಿ

ಓಡುವ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಿ ಬೈಸಿಕೊಳ್ಳದವರು ನಮ್ಮಲ್ಲಿ ಕಡಿಮೆ. ಅಂಗೈಯನ್ನು ಗಾಳಿಗೆ ಸ್ವಲ್ಪ ಓರೆ ಹಿಡಿದರೆ ಕೈ ತಾನಾಗಿ ಮೇಲೇಳುತ್ತದೆ. ಮಗುಚಿ ಹಾಕಿದ ಸೌಟಿನ ಹಾಗೆ ಅಂಗೈಯನ್ನು ಬಾಗಿಸಿದರೆ ಇನ್ನೂ ಜಾಸ್ತಿ ಏಳುತ್ತದೆ. ಅಷ್ಟು ಹೊತ್ತಿಗೆ ಕಂಡಕ್ಟರ್ ಕೂಗುತ್ತಾರೆ, ಕೈ ಒಳಗೆ ಬರುತ್ತದೆ, ಆಟ ಮುಗಿಯುತ್ತದೆ.

ಜರ್ಮನಿಯ ಓಟೋ ಲಿಲಿಯೆಂತಾಲ್ ಆಟ ಮುಗಿಸಲಿಲ್ಲ. 'ಇನ್ನೂ ಜಾಸ್ತಿ' ಅಂದರೆ ಎಷ್ಟು ಜಾಸ್ತಿ ಅಂತ ಅಳೆಯುತ್ತಾ ಹೋದ.

ಅವನು ಹುಟ್ಟಿದ್ದು 1848ರಲ್ಲಿ, ಬಾಲ್ಟಿಕ್ ಸಮುದ್ರಕ್ಕೆ ಹತ್ತಿರದ ಆಂಕ್ಲಾಮ್ ಎಂಬ ಸಣ್ಣ ಊರಿನಲ್ಲಿ. ಊರಾಚೆಯ ಹುಲ್ಲುಗಾವಲಿನಲ್ಲಿ ಬಿಳಿ ಕೊಕ್ಕರೆಗಳು ಮೇಯುತ್ತಿದ್ದವು. ಓಟೋ ಮತ್ತು ಅವನ ತಮ್ಮ ಗುಸ್ಟಾವ್ ಅವುಗಳ ಹಿಂದೆ ಓಡಿ ಎಬ್ಬಿಸುತ್ತಿದ್ದರು. ಹಾಗೆ ಎಬ್ಬಿಸುವಾಗ ಹುಡುಗರಿಗೆ ಒಂದು ವಿಷಯ ಹೊಳೆಯಿತು. ಕೊಕ್ಕರೆ ಏಳುವುದು ಗಾಳಿಗೆ ಎದುರಾಗಿ, ಗಾಳಿ ಹೋಗುವ ಕಡೆಗಲ್ಲ. ಸರಿ, ತಾವೂ ತೆಳು ಹಲಗೆಯ ರೆಕ್ಕೆ ಮಾಡಿ ತೋಳಿಗೆ ಕಟ್ಟಿಕೊಂಡರು. ಹಾರಲು ನೋಡಿದ್ದು ಮಾತ್ರ ರಾತ್ರಿ ಹೊತ್ತು. ಹಗಲಲ್ಲಿ ಮಾಡಿದರೆ ಶಾಲೆಯ ಹುಡುಗರು ನಗುತ್ತಾರಲ್ಲ!

ಮುಂದೆ ಓಟೋ ಇಂಜಿನಿಯರ್ ಆದ, ಬರ್ಲಿನ್‌ನಲ್ಲಿ ಉಗಿಯಂತ್ರ ಮತ್ತು ಬಾಯ್ಲರ್ ಮಾಡುವ ಕಾರ್ಖಾನೆ ತೆರೆದ. ಲಾಭದಲ್ಲಿ ಕಾಲು ಪಾಲನ್ನು ಕೆಲಸಗಾರರಿಗೇ ಹಂಚಿದ, ಒಂದು ನಾಟಕವನ್ನೂ ಬರೆದ. ಈ ಮನುಷ್ಯನಿಗೆ ಪುರುಸೊತ್ತು ಎಲ್ಲಿ ಸಿಗುತ್ತಿತ್ತೋ! ಆದರೆ ರೆಕ್ಕೆಯ ಯೋಚನೆ ತಲೆಯಿಂದ ಹೋಗಲೇ ಇಲ್ಲ. ನೆಟ್ಟಗೆ ನಿಲ್ಲಿಸಿದ ಕಂಬ, ಅದರ ಮೇಲೆ ಗಾಣದ ಹಾಗೆ ಸುತ್ತುವ ತೋಳು, ತೋಳಿನ ತುದಿಯಲ್ಲಿ ಸಣ್ಣ ರೆಕ್ಕೆ. ತೂಕದ ಕಲ್ಲು ಕೆಳಗಿಳಿದಂತೆ ತೋಳು ತಿರುಗುತ್ತದೆ, ಗಾಳಿ ರೆಕ್ಕೆಯನ್ನು ಎಷ್ಟು ಎತ್ತುತ್ತದೆ ಎಂದು ಅಳೆಯಬಹುದು. ಅಣ್ಣತಮ್ಮಂದಿರು ರೆಕ್ಕೆಯ ಕೋನ ಬದಲಿಸಿ, ಬಾಗು ಬದಲಿಸಿ ಮತ್ತೆ ಮತ್ತೆ ಅಳೆದರು. ಚಪ್ಪಟೆ ಹಲಗೆಗಿಂತ ಹಕ್ಕಿಯ ರೆಕ್ಕೆಯಂತೆ ತುಸು ಬಾಗಿದ್ದು ತುಂಬಾ ಚೆನ್ನಾಗಿ ಎತ್ತುತ್ತದೆ ಎಂದು ಅಂಕಿಗಳು ಹೇಳಿದವು. ಓರೆಯೇ ಇಲ್ಲದೆ ಮಟ್ಟಸವಾಗಿ ಹಿಡಿದರೂ ಬಾಗಿದ ರೆಕ್ಕೆಗೆ ಮೇಲೆತ್ತುವ ಬಲ ಸಿಗುತ್ತಿತ್ತು. 1889ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದ. ಹಕ್ಕಿಯ ಹಾರಾಟವೇ ಹಾರುವ ಕಲೆಗೆ ತಳಹದಿ ಎನ್ನುವ ಅರ್ಥದ ಹೆಸರು ಅದಕ್ಕೆ. ಹಾರುವ ಮೊದಲೇ ಪುಸ್ತಕ ಬಂತು, ಗಮನಿಸಿ.

ಹಾರಿದ್ದು 1891ರಲ್ಲಿ, ಪಾಟ್ಸ್‌ಡಾಮ್ ಹತ್ತಿರದ ಡೆರ್ವಿಟ್ಸ್ ಎಂಬಲ್ಲಿ. ಸುಮಾರು 25 ಮೀಟರ್ ದೂರ, ಅಷ್ಟೇ. ಎರಡು ವರ್ಷಗಳಲ್ಲಿ ಅದು 250 ಮೀಟರ್ ಆಯಿತು. 1894ರಲ್ಲಿ ಬರ್ಲಿನ್ ಅಂಚಿನ ಲಿಖ್ಟರ್‌ಫೆಲ್ಡೆಯಲ್ಲಿ ತನಗಾಗಿಯೇ 15 ಮೀಟರ್ ಎತ್ತರದ ಮಣ್ಣಿನ ದಿಬ್ಬ ಮಾಡಿಸಿಕೊಂಡ. ದಿಬ್ಬ ಯಾಕೆ ದುಂಡಗೆ? ಗಾಳಿ ಯಾವ ಕಡೆಯಿಂದ ಬಂದರೂ ಅದಕ್ಕೆ ಎದುರಾಗಿ ಓಡಿ ಜಿಗಿಯಬೇಕಲ್ಲ, ಅದಕ್ಕೆ. ಕೊಕ್ಕರೆ ಕಲಿಸಿದ ಪಾಠವನ್ನು ಅವನು ಮರೆತಿರಲಿಲ್ಲ.

ಅವನ ಗ್ಲೈಡರ್, ಅಂದರೆ ಎಂಜಿನ್ ಇಲ್ಲದೆ ಗಾಳಿಯಲ್ಲಿ ತೇಲುವ ವಾಹನ, ನೋಡಲು ದೊಡ್ಡ ಬಾವಲಿಯಂತಿತ್ತು. ವಿಲೋ ಮರದ ಕಡ್ಡಿಗಳ ಮೇಲೆ ಹತ್ತಿ ಬಟ್ಟೆ ಬಿಗಿದದ್ದು, ತೂಕ ಸುಮಾರು 20 ಕಿಲೋ. ನಡುವಿನ ತೆರಪಿನಲ್ಲಿ ನಿಂತು, ತೋಳುಗಳನ್ನು ಚೌಕಟ್ಟಿಗೆ ಊರಿ, ಇಳಿಜಾರಿನಲ್ಲಿ ಓಡಬೇಕು. ನೆಲ ಬಿಟ್ಟ ಮೇಲೆ ಕಾಲು ಗಾಳಿಯಲ್ಲಿ ಜೋತಾಡುತ್ತದೆ. ಆ ಕಾಲುಗಳೇ ಚುಕ್ಕಾಣಿ. ಎಡ ರೆಕ್ಕೆ ಮೇಲೆದ್ದರೆ ಕಾಲನ್ನು ಎಡಕ್ಕೆ ಬೀಸಬೇಕು, ಭಾರ ಆ ಕಡೆ ಬಿದ್ದು ರೆಕ್ಕೆ ಕೆಳಗೆ ಬರುತ್ತದೆ. ಮೂತಿ ಮೇಲಾದರೆ ಕಾಲು ಮುಂದಕ್ಕೆ, ಕೆಳಗಾದರೆ ಹಿಂದಕ್ಕೆ. ಈಗಿನ ಹ್ಯಾಂಗ್ ಗ್ಲೈಡರ್‌ನಲ್ಲಿ ಇಡೀ ಮೈ ಪಟ್ಟಿಯಲ್ಲಿ ತೂಗುವುದರಿಂದ ಬೇಕಾದ ಕಡೆ ವಾಲಬಹುದು. ಲಿಲಿಯೆಂತಾಲನಿಗೆ ಹೆಗಲು, ತೋಳು ಎರಡೂ ಚೌಕಟ್ಟಿಗೆ ಸಿಕ್ಕಿಕೊಂಡಿದ್ದವು. ಆಡಿಸಲು ಉಳಿದದ್ದು ಸೊಂಟದಿಂದ ಕೆಳಗಿನ ಭಾಗ ಮಾತ್ರ. ಅವನ ಫೋಟೋಗಳಲ್ಲಿ ಕಾಲುಗಳು ಚಿತ್ರವಿಚಿತ್ರವಾಗಿ ಒದೆಯುತ್ತಿರುತ್ತವೆ. ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು. ಕಾರಣ ಗೊತ್ತಾದ ಮೇಲೆ ಬರಲಿಲ್ಲ.

ಐದು ವರ್ಷಗಳಲ್ಲಿ ಹೀಗೆ ಸುಮಾರು 2000 ಸಲ ಹಾರಿದ. ಎಲ್ಲಾ ಸೇರಿಸಿದರೂ ಗಾಳಿಯಲ್ಲಿ ಕಳೆದದ್ದು ಬರೀ ಐದು ಗಂಟೆಯಷ್ಟು!

1896ರ ಆಗಸ್ಟ್ 9, ಭಾನುವಾರ. ಸ್ಟೋಲ್ನ್ ಹಳ್ಳಿಯ ಗೊಲ್ಲೆನ್‌ಬೆರ್ಗ್ ಗುಡ್ಡ. ಬಿಸಿಲಿಗೆ ಕಾದ ನೆಲದಿಂದ ಎದ್ದ ಗಾಳಿ ಗ್ಲೈಡರಿನ ಮೂತಿಯನ್ನು ಮೇಲಕ್ಕೆತ್ತಿತು. ಮತ್ತೆ ಬಸ್ಸಿನ ಕಿಟಕಿಗೆ ಬನ್ನಿ. ಅಂಗೈಯನ್ನು ಅತಿಯಾಗಿ ಓರೆ ಮಾಡಿದರೆ ಅದು ಮೇಲೇಳುವುದನ್ನು ಬಿಟ್ಟು ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ, ಅಲ್ವಾ? ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯಬೇಕಾದ ಗಾಳಿ ಕಿತ್ತುಹೋಗಿ ಸುಳಿಯಾಗುತ್ತದೆ, ಎತ್ತುವ ಬಲ ಕುಸಿಯುತ್ತದೆ. ಪೈಲಟ್‌ಗಳು ಇದನ್ನು 'ಸ್ಟಾಲ್' ಅನ್ನುತ್ತಾರೆ. ಲಿಲಿಯೆಂತಾಲ್ ಕಾಲು ಮುಂದಕ್ಕೆ ಬೀಸಿದ. ಸಾಲಲಿಲ್ಲ. ಸುಮಾರು 15 ಮೀಟರ್ ಎತ್ತರದಿಂದ ಬಿದ್ದು ಕತ್ತಿನ ಮೂಳೆ ಮುರಿಯಿತು. ಮರುದಿನ ಬರ್ಲಿನ್‌ನ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು 48.

'ಬಲಿ ಕೊಡಲೇಬೇಕಾಗುತ್ತದೆ' ಎಂಬ ಮಾತನ್ನು ಅವನ ಸಮಾಧಿಯ ಮೇಲೆ ಕೆತ್ತಿದ್ದಾರೆ, ಕೊನೆಯ ಮಾತು ಎಂದೇ ಅದು ಪ್ರಸಿದ್ಧ. ಅವನು ಹಾಗೆ ಅಂದ ಎನ್ನಲು ಗಟ್ಟಿ ಆಧಾರವಿಲ್ಲ. ನನಗಂತೂ ಅದು ಅವನಿಗೆ ಒಪ್ಪುವ ಮಾತು ಅನ್ನಿಸುವುದಿಲ್ಲ. ಬಿದ್ದರೆ ಪೆಟ್ಟು ಕಡಿಮೆಯಾಗಲಿ ಅಂತ ಗ್ಲೈಡರಿನ ಮುಂದೆ ವಿಲೋ ಕಡ್ಡಿಯ ಬಳೆ ಕಟ್ಟಿಕೊಂಡು, 1894ರಲ್ಲಿ ಅದರಿಂದಲೇ ಜೀವ ಉಳಿಸಿಕೊಂಡ ಮನುಷ್ಯ ಅವನು. ಬಲಿಯಾಗಲು ಹೊರಟವನು ಬಳೆ ಯಾಕೆ ಕಟ್ಟುತ್ತಾನೆ?

ಸಾವಿನ ಸುದ್ದಿ ಅಮೆರಿಕದ ಡೇಟನ್‌ನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರಿಗೂ ಮುಟ್ಟಿತು. ಕಾಲು ಬೀಸಿ ಸಂಭಾಳಿಸುವುದು ಸಾಲದು, ರೆಕ್ಕೆಯನ್ನೇ ತಿರುಚುವ ಉಪಾಯ ಬೇಕು ಅನ್ನುವುದು ಅವರ ದಾರಿಯಾಯಿತು. ರೆಕ್ಕೆಯ ಲೆಕ್ಕಕ್ಕೆ ಹಿಡಿದದ್ದು ಲಿಲಿಯೆಂತಾಲನ ಕೋಷ್ಟಕವನ್ನೇ. ಆದರೆ 1901ರ ಅವರ ಗ್ಲೈಡರ್‌ಗೆ ಸಿಕ್ಕಿದ್ದು ಲೆಕ್ಕದ ಮೂರನೇ ಒಂದು ಭಾಗದಷ್ಟು ಬಲ. ಅನುಮಾನ ಸತ್ತವನ ಕೋಷ್ಟಕದ ಮೇಲೆ ಬಿತ್ತು. ಅಂಗಡಿಯಲ್ಲೇ ಮರದ ಪೆಟ್ಟಿಗೆಯ ಗಾಳಿಸುರಂಗ ಮಾಡಿ, ಸುಮಾರು 200 ಪುಟಾಣಿ ರೆಕ್ಕೆಗಳನ್ನು ಪರೀಕ್ಷಿಸಿದರು. ಅವನ ರೆಕ್ಕೆಯ ಆಕಾರಕ್ಕೆ ಅವನ ಅಂಕಿಗಳು ಬಹುಮಟ್ಟಿಗೆ ಸರಿಯಾಗೇ ಇದ್ದವು. ಮುಖ್ಯ ತಪ್ಪು ಇದ್ದದ್ದು 18ನೇ ಶತಮಾನದಿಂದ ಎಲ್ಲರೂ ಸುಮ್ನೆ ನಂಬಿಕೊಂಡು ಬಂದಿದ್ದ ಗಾಳಿಯ ಒತ್ತಡದ ಗುಣಾಂಕದಲ್ಲಿ, ಅಂದರೆ ಗಾಳಿಯ ವೇಗದಿಂದ ಅದರ ಒತ್ತಡವನ್ನು ಲೆಕ್ಕ ಹಾಕುವ ಸಂಖ್ಯೆಯಲ್ಲಿ.

ಲಿಲಿಯೆಂತಾಲ್ ಬಿದ್ದ ಆ ಗುಡ್ಡದ ಬಳಿ ಇಂದು ಒಂದು ಇಲ್ಯುಶಿನ್ ಜೆಟ್ ವಿಮಾನ ನಿಂತಿದೆ. 1989ರ ಅಕ್ಟೋಬರ್‌ನಲ್ಲಿ ಪೂರ್ವ ಜರ್ಮನಿಯ ಪೈಲಟ್‌ಗಳು ಅದನ್ನು 900 ಮೀಟರಿನಷ್ಟು ಹುಲ್ಲಿನ ಪಟ್ಟಿಯ ಮೇಲೆ, ಮಣ್ಣೆಬ್ಬಿಸಿಕೊಂಡು ಇಳಿಸಿದರು. ಆಮೇಲೆ ಅದು ಹಾರಲಿಲ್ಲ, ಈಗ ಮ್ಯೂಸಿಯಂ. ಒಳಗೆ ಮದುವೆಗಳೂ ನಡೆಯುತ್ತವೆ. ವಿಮಾನದ ಹೆಸರು 'ಲೇಡಿ ಆಗ್ನೆಸ್'. ಆಗ್ನೆಸ್ ಅಂದರೆ ಲಿಲಿಯೆಂತಾಲನ ಹೆಂಡತಿ.