ಪಾಪಾಯ್‌ಗೆ ಬಲ ಬಂದದ್ದು ಪಾಲಕ್ ಸೊಪ್ಪಿನಿಂದಲೇ?

ಪ್ರಶ್ನೆ: ನಾವಿಕ ಪಾಪಾಯ್‌ನ ಪಾತ್ರ ಹುಟ್ಟಿದ್ದೇ ಮಕ್ಕಳಿಗೆ ಪಾಲಕ್ ಸೊಪ್ಪು ತಿನ್ನಿಸುವುದಕ್ಕಾಗಿಯೇ? ಸೊಪ್ಪಿನ ಕಬ್ಬಿಣಾಂಶದ ಲೆಕ್ಕದಲ್ಲಿ ದಶಮಾಂಶ ಬಿಂದು ತಪ್ಪಿದ್ದೇ ಇದಕ್ಕೆ ಕಾರಣವಂತೆ, ನಿಜವೇ?

ಉತ್ತರ: ಎರಡೂ ನಿಜವಲ್ಲ. ಇ.ಸಿ. ಸೀಗರ್ ಅವರ ‘ತಿಂಬಲ್ ಥಿಯೇಟರ್’ ಎಂಬ ಚಿತ್ರಸರಣಿ ಅಮೆರಿಕದ ಪತ್ರಿಕೆಯಲ್ಲಿ 1919ರಲ್ಲೇ ಆರಂಭವಾಗಿತ್ತು. ಆಲಿವ್ ಆಯಿಲ್, ಆಕೆಯ ಅಣ್ಣ ಕ್ಯಾಸ್ಟರ್ ಆಯಿಲ್ ಮತ್ತು ಪ್ರಿಯಕರ ಹ್ಯಾಮ್ ಗ್ರೇವಿ ಅದರ ಮುಖ್ಯ ಪಾತ್ರಗಳು. ಜೂಜಿನ ದ್ವೀಪಕ್ಕೆ ಹೊರಟ ಕ್ಯಾಸ್ಟರ್‌ಗೆ ಹಡಗು ನಡೆಸುವ ಆಳು ಬೇಕಾಗಿ, 1929ರ ಜನವರಿ 17ರಂದು ಅವನ ಕಣ್ಣಿಗೆ ಬಿದ್ದವನೇ ಪಾಪಾಯ್. ನೀನು ನಾವಿಕನೇ ಎಂದು ಕೇಳಿದ್ದಕ್ಕೆ, ನನ್ನನ್ನೇನು ಕೌಬಾಯ್ ಅಂದುಕೊಂಡೆಯಾ ಎಂದು ಸಿಡುಕಿದ ಈ ಒಕ್ಕಣ್ಣನ ಕೈಯಲ್ಲಿ ಆಗ ಪಾಲಕ್ ಡಬ್ಬಿ ಇರಲಿಲ್ಲ. ಆ ಕಥೆಯಲ್ಲಿ ಮೈತುಂಬ ಗುಂಡೇಟು ತಿಂದೂ ಅವನು ಬದುಕುಳಿಯುವುದು, ಅದೃಷ್ಟ ತರುವ ಒಂದು ವಿಚಿತ್ರ ಕೋಳಿಯ ತಲೆ ಸವರಿ! ಕಥೆ ಮುಗಿದೊಡನೆ ಸೀಗರ್ ಅವನನ್ನು ಸಾಗಹಾಕಿದರು. ಓದುಗರು ಪಟ್ಟು ಹಿಡಿದುದರಿಂದ ಮರಳಿ ಕರೆತಂದರು. ಪಾಪ, ಜಾಗ ಕಳೆದುಕೊಂಡವನು ಹ್ಯಾಮ್ ಗ್ರೇವಿ.

ಪಾಲಕ್ ಬಂದದ್ದು ಆಮೇಲೆ. 1932ರ ಒಂದು ಕಂತಿನಲ್ಲಿ ಪಾಪಾಯ್ ಸ್ವತಃ ಕೊಡುವ ಕಾರಣ ‘ಎ’ ಜೀವಸತ್ವ. ಕಬ್ಬಿಣದ ಮಾತನ್ನು ಅವನು ಅಲ್ಲಿ ಎತ್ತುವುದೇ ಇಲ್ಲ. ದಶಮಾಂಶ ಬಿಂದುವಿನ ಕಥೆ ವ್ಯಾಪಕವಾಗಿ ಹಬ್ಬಿದ್ದು 1981ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಲೇಖನದಿಂದ. ಅದಕ್ಕೆ ಆಧಾರವಿಲ್ಲವೆಂಬುದು ಮುಂದೆ ಹುಡುಕಿದವರಿಗೆ ತಿಳಿದುಬಂತು. ಅದೇನೇ ಇರಲಿ, ಪಾಲಕ್ ಬೆಳೆಯುವ ಟೆಕ್ಸಾಸ್‌ನ ಕ್ರಿಸ್ಟಲ್ ಸಿಟಿ 1937ರಲ್ಲೇ ಅವನ ಪ್ರತಿಮೆಯನ್ನು ನಿಲ್ಲಿಸಿತ್ತು.

ಪತ್ರಿಕೆಯಲ್ಲಿ ಆಗೊಮ್ಮೆ ಈಗೊಮ್ಮೆ ಕಾಣಿಸುತ್ತಿದ್ದ ಸೊಪ್ಪನ್ನು ಕಟ್ಟುನಿಟ್ಟಿನ ಸೂತ್ರವಾಗಿಸಿದ್ದು 1933ರಿಂದ ಫ್ಲೈಷರ್ ಸ್ಟುಡಿಯೋ ತೆಗೆದ ಅನಿಮೇಷನ್ ಚಿತ್ರಗಳು: ಪೆಟ್ಟು ತಿನ್ನುವುದು, ಡಬ್ಬಿ ಹಿಂಡುವುದು, ಎದುರಾಳಿಯನ್ನು ಹಾರಿಸುವುದು. ಆದರೆ ಸೂತ್ರವೊಂದೇ ಇಷ್ಟು ಕಾಲ ಬಾಳಿಸಲಾರದು. ಸೀಗರ್ 1938ರಲ್ಲಿ ತೀರಿಕೊಂಡ ಮೇಲೂ ಪಾತ್ರ ಉಳಿಯಲು, ನನ್ನ ಮಟ್ಟಿಗೆ, ಅವನ ಸ್ವಭಾವವೇ ಕಾರಣ: ರೂಪವಿಲ್ಲ, ಮಾತು ಶುದ್ಧವಿಲ್ಲ, ಸಹನೆ ಮೀರುವವರೆಗೂ ಸಹಿಸುತ್ತಾನೆ, ಆಮೇಲೆ ಯಾರಿಗೂ ಬಗ್ಗುವುದಿಲ್ಲ. ಇದಕ್ಕೆ ಕಂಠದಾನಿ ಜ್ಯಾಕ್ ಮರ್ಸರ್ ಅವರ ಗೊಣಗಾಟವೂ ಸೇರಿತು. ಚಿತ್ರ ಸಿದ್ಧವಾದ ಬಳಿಕ ಧ್ವನಿಮುದ್ರಣ ನಡೆಯುತ್ತಿದ್ದುದರಿಂದ, ತುಟಿ ಅಲುಗದ ಕಡೆಯಲ್ಲೂ ಅವರು ಹೊಳೆದದ್ದನ್ನು ಗೊಣಗಿ ಸೇರಿಸುತ್ತಿದ್ದರು. ಹಳೆಯ ಚಿತ್ರಗಳಲ್ಲಿ ಹೊಡೆದಾಟಕ್ಕಿಂತ ಹೆಚ್ಚು ನಗಿಸುವುದು ಆ ಗೊಣಗಾಟವೇ.