ಗಾಡಿ ಕುಲುಕಿದರೆ ಕಣ್ಣು ತಪ್ಪುತ್ತದೆ

ಚಾಲಕನಿಲ್ಲದ ಗಾಡಿಯೊಂದರ ತಲೆಯ ಮೇಲೆ ಲೇಸರ್ ಕಣ್ಣಿದೆ. ಅದು 30 ಮೀಟರ್ ಮುಂದಿನ ನೆಲವನ್ನು ಅಳೆಯುತ್ತಿದೆ. ಅಷ್ಟರಲ್ಲಿ ಮುಂದಿನ ಚಕ್ರ ಗುಂಡಿಗೆ ಇಳಿದು, ಗಾಡಿಯ ಮೂತಿ ಬರೀ ಅರ್ಧ ಡಿಗ್ರಿ ಬಾಗಿತು. ಕಂಪ್ಯೂಟರಿಗೆ ಇದು ಗೊತ್ತಾಗದಿದ್ದರೆ ಲೆಕ್ಕದಲ್ಲಿ ಸುಮಾರು 26 ಸೆಂಟಿಮೀಟರ್ ಎತ್ತರದ ತಪ್ಪು ನುಸುಳುತ್ತದೆ. ಸಪಾಟಾದ ನೆಲದಲ್ಲಿ ಇಲ್ಲದ ಕಲ್ಲೊಂದು ಕಾಣುತ್ತದೆ. ಗಾಡಿ ಗಕ್ಕನೆ ನಿಲ್ಲುತ್ತದೆ, ಇಲ್ಲವೇ ದಾರಿ ಬಿಟ್ಟು ಪಕ್ಕಕ್ಕೆ ತಿರುಗುತ್ತದೆ.

ದಾರಿ ನೋಡುವುದು ಸಾಫ್ಟ್‌ವೇರ್‌ನವರ ಕೆಲಸ, ಗುಂಡಿಯ ಹೊಡೆತ ತಗ್ಗಿಸುವ ಸಸ್ಪೆನ್ಷನ್ ಅನ್ನೋದು ಮೆಕ್ಯಾನಿಕ್‌ಗಳ ಕೆಲಸ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ನನಗಂತೂ ಇವೆರಡನ್ನು ಬೇರೆ ಮಾಡಿ ನೋಡಲು ಆಗುವುದಿಲ್ಲ.

ಜಿಪಿಎಸ್ ಹೇಳುವ ಜಾಗ ಕೆಲವು ಮೀಟರ್ ಆಚೀಚೆ ಇರಬಹುದು. ಸುರಂಗದೊಳಗೆ ಅದೂ ಇಲ್ಲ. ಆಗ ಗಾಡಿ ತನ್ನ ಮೈಯ ಅಲುಗಾಟವನ್ನೇ ಅಳೆದು ದೂರ ಲೆಕ್ಕ ಹಾಕುತ್ತದೆ. ಅಲುಗಾಟ ಅಳೆಯುವ ಆ ಸೆನ್ಸರ್ ಪ್ರತಿ ಸೆಕೆಂಡೂ, ಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟು ವೇಗವನ್ನು ಸುಮ್ನೆ ಸೇರಿಸುತ್ತಾ ಹೋದರೂ ಸಾಕು, ಒಂದೇ ನಿಮಿಷದಲ್ಲಿ 18 ಮೀಟರ್ ತಪ್ಪು. ಹಾಗಾಗಿ ಎಲ್ಲ ಸೆನ್ಸರ್‌ಗಳ ಮಾತನ್ನೂ ಕೇಳಿ, ಯಾರನ್ನು ಎಷ್ಟು ನಂಬಬೇಕೆಂದು ತೂಗಬೇಕು. ಎಂಜಿನಿಯರ್ ರುಡಾಲ್ಫ್ ಕಾಲ್ಮನ್ 1960ರಲ್ಲಿ ಕೊಟ್ಟ ಗಣಿತ ಇಂದಿಗೂ ಈ ಕೆಲಸ ಮಾಡುತ್ತಿದೆ.

2004ರಲ್ಲಿ ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಚಾಲಕರಿಲ್ಲದ ಗಾಡಿಗಳ ಸ್ಪರ್ಧೆ ನಡೆಯಿತು. ಒಂದೂ ಗುರಿ ಮುಟ್ಟಲಿಲ್ಲ. ಎಲ್ಲಕ್ಕಿಂತ ಮುಂದಿದ್ದ ಗಾಡಿಯೂ 12 ಕಿಲೋಮೀಟರ್ ದಾಟಲಿಲ್ಲ. ಮರುವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ ‘ಸ್ಟ್ಯಾನ್ಲಿ’ ಗಾಡಿ 212 ಕಿಲೋಮೀಟರನ್ನು ಏಳು ಗಂಟೆಯೊಳಗೆ ಮುಗಿಸಿ ಗೆದ್ದಿತು. ಅದರ ಎರಡು ಉಪಾಯಗಳು ನನಗೆ ತುಂಬ ಇಷ್ಟ. ಒಂದೇ ಜಾಗದ ಎರಡು ಅಳತೆಗಳ ನಡುವೆ ಸಮಯ ಕಳೆದಷ್ಟೂ ಗಾಡಿ ಹೆಚ್ಚು ಕುಲುಕಿರುತ್ತದೆ. ಅದಕ್ಕೇ ಅಂಥ ಅಳತೆಗಳಲ್ಲಿ ಕಾಣುವ ಎತ್ತರದ ವ್ಯತ್ಯಾಸವನ್ನು ಸ್ಟ್ಯಾನ್ಲಿ ಸಮಯ ಹೆಚ್ಚಾದಷ್ಟೂ ಕಡಿಮೆ ನಂಬುತ್ತಿತ್ತು. ಇನ್ನೊಂದು, ಮೇಲೆ ಕೆಳಗೆ ಬೀಳುವ ಹೊಡೆತ ಜಾಸ್ತಿಯಾದ ಕೂಡಲೇ ವೇಗ ಇಳಿಸುತ್ತಿತ್ತು, ಆಮೇಲೆ ನಿಧಾನವಾಗಿ ಏರಿಸುತ್ತಿತ್ತು. ಎಷ್ಟು ಇಳಿಸಬೇಕು, ಎಷ್ಟು ಏರಿಸಬೇಕು ಅನ್ನುವುದನ್ನು ಮನುಷ್ಯರು ಓಡಿಸಿದ ರೀತಿ ನೋಡಿ ಕಲಿತಿತ್ತು.

ವೇಗ ಇಳಿಸದೆಯೂ ಹೊಡೆತ ತಗ್ಗಿಸಬಹುದು. ಕೆಲವು ಶಾಕ್ ಅಬ್ಸಾರ್ಬರ್‌ಗಳ ಎಣ್ಣೆಯಲ್ಲಿ ಕಬ್ಬಿಣದ ಪುಟ್ಟ ಕಣಗಳಿರುತ್ತವೆ. ಸುತ್ತಲಿನ ಸುರುಳಿಗೆ ಕರೆಂಟ್ ಹರಿಸಿದರೆ ಕಣಗಳು ಸಾಲುಗಟ್ಟುತ್ತವೆ, ಕೆಲವೇ ಮಿಲಿಸೆಕೆಂಡುಗಳಲ್ಲಿ ಎಣ್ಣೆ ಬಿಗಿಯಾಗುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ, ಎರಡೂವರೆ ಮೀಟರ್ ಹಿಂದಿರುವ ಚಕ್ರ ಅದೇ ಗುಂಡಿಗೆ ಬರಲು ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ ಮುಂದಿನ ಚಕ್ರ ಅನುಭವಿಸಿದ್ದನ್ನು ಹಿಂದಿನದಕ್ಕೆ ತಿಳಿಸಲು ಧಾರಾಳ ಸಮಯವಿದೆ. ಲೇಸರ್ ಕಣ್ಣು ಗುಂಡಿಯನ್ನು 30 ಮೀಟರ್ ಮೊದಲೇ ಕಂಡಿದ್ದರೆ ಮೂರು ಸೆಕೆಂಡ್ ಸಿಗುತ್ತದೆ. ಆದರೆ ಕುಲುಕುವ ಕಣ್ಣು ಗುಂಡಿಯ ಜಾಗವನ್ನು ಅರ್ಧ ಮೀಟರ್ ತಪ್ಪಾಗಿ ಹೇಳಿದರೆ, ಶಾಕ್ ಅಬ್ಸಾರ್ಬರ್ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಹೊತ್ತು ತಪ್ಪುತ್ತದೆ. ಇಡೀ ಗುಂಡಿ ಅಷ್ಟರಲ್ಲಿ ಚಕ್ರದ ಕೆಳಗೆ ಹಾದುಹೋಗಿರುತ್ತದೆ.